ಅಶ್ರುವಿಗೆ ಎಡೆಯಿಲ್ಲದ ಶೋಕ

ಕರುಣರಸಕ್ಕೆ ಶೋಕವು ಸ್ಥಾಯಿಯೆಂದೂ ಅಶ್ರುಪಾತ ವಿಲಾಪಾದಿಗಳು ಅದರ ಅನುಭಾವಗಳೆಂದೂ ಭರತನ ಮತ. ಆ ಅನುಭಾವಗಳಿಗೇ ಎಡೆಯಿಲ್ಲದೆ ಹೋದರೆ ರಸನಿಷ್ಪತ್ತಿಯಾಗುವ ಬಗೆ ಹೇಗೆ? ಇಂಗ್ಲಿಷ್ ಕತೆಗಾರ್ತಿ ಕ್ಯಾಥರೀನ್ ಮ್ಯಾನ್ಸ್‌ಫೀಲ್ಡ್ ೧೯೨೧ರಲ್ಲಿ ಪ್ರಕಟಿಸಿದ ‘ಲೈಫ್ ಆಫ್ ಮಾ ಪಾರ್ಕರ್’ ಎಂಬ ಸಣ್ಣ ಕತೆಯು ಈ ಪ್ರಶ್ನೆಯನ್ನು ಎತ್ತುತ್ತದೆ.

ಕಥಾವಸ್ತು ಸ್ವಲ್ಪವೇ. ಲಂಡನ್ನಿನಲ್ಲಿ ಮನೆಗೆಲಸದಿಂದ ಜೀವಿಸುವ ಮುದುಕಿಯೊಬ್ಬಳು, ಮೊಮ್ಮಗ ಲೆನ್ನಿಯನ್ನು ಮಣ್ಣುಮಾಡಿದ ಮರುದಿನವೇ, ವಾರದ ಪದ್ಧತಿಯಂತೆ ಒಬ್ಬ ಸಾಹಿತಿಯ ಮನೆಯನ್ನು ಚೊಕ್ಕಟಮಾಡಲು ಬರುತ್ತಾಳೆ. ಗಂಡ ಕ್ಷಯದಿಂದ ತೀರಿಕೊಂಡ. ಹೆತ್ತ ೧೩ ಮಕ್ಕಳಲ್ಲಿ ೭ನ್ನು ಮಣ್ಣಿಗಿತ್ತವಳು. ದುಃಖಗಳನ್ನು ಹೀಗೆ ಪೇರಿಸಿದುದು ತುಸು ಅತಿಯಾಯಿತೆನ್ನಬೇಕು. ಆದರೆ ಲೆನ್ನಿಯ ನೆನಪು ಬಂದೆಡೆಯಲ್ಲಿ ಲೇಖನಿ ಹದಕ್ಕೆ ಬರುತ್ತದೆ. ಬೀದಿಯಲ್ಲಿ ಆಡಿಬಂದ ಹುಡುಗ ಅಜ್ಜಿಯ ಕೊರಳನ್ನು ತಬ್ಬಿ, ಕೆನ್ನೆಗೆ ಕೆನ್ನೆಯುಜ್ಜಿ, ಒಂದು ಪೆನ್ನಿ ಬೇಡುತ್ತಾನೆ. ಕಾಸಿಲ್ಲವೆನ್ನುತ್ತಲೇ ಅವಳ ಕೈ ಹಳೆಯ ಚರ್ಮದ ಚೀಲವನ್ನು ತಡಕುತ್ತದೆ. ಪ್ರತಿಯಾಗಿ ತನಗೇನು ಕೊಡುವೆಯೆಂದು ಕೇಳಿದರೆ, ತನ್ನಲ್ಲೇನೂ ಇಲ್ಲವೆಂದು ನಾಚಿ ಮತ್ತಷ್ಟು ಒತ್ತಿಕೊಳ್ಳುತ್ತಾನೆ. ಅವನ ರೆಪ್ಪೆಯ ಅದುರು ಅವಳ ಕೆನ್ನೆಗೆ ತಿಳಿಯುತ್ತದೆ. ಮುಂದಿನ ಶೋಕಕ್ಕೆಲ್ಲ ಈ ಸ್ಪರ್ಶಸ್ಮೃತಿಯೇ ಉದ್ದೀಪನ.

ಸಾಹಿತಿಯ ಚಿತ್ರಣದಲ್ಲಿ ವ್ಯಂಗ್ಯ ತೀಕ್ಷ್ಣವಾಗಿದೆ. ಶವಸಂಸ್ಕಾರ ಚೆನ್ನಾಗಿ ನಡೆಯಿತಷ್ಟೆ ಎಂಬಂತೆ ಮಾತನಾಡಿದವನು, ತುಸು ಹೊತ್ತಿನಲ್ಲಿಯೇ ಡಬ್ಬಿಯ ತಳದಲ್ಲಿದ್ದ ಒಂದು ಚಮಚ ಕೋಕೋ ಏನಾಯಿತೆಂದು ವಿಚಾರಿಸುತ್ತಾನೆ. ಅಕ್ಷರವೃತ್ತಿಯವನಲ್ಲಿಯೇ ಸಹೃದಯತೆ ಇಲ್ಲ!

ಕಡೆಗೆ, ಜೀವಮಾನದಲ್ಲಿ ಒಮ್ಮೆಯಾದರೂ ಮನದಣಿಯೆ ಅತ್ತುಬಿಡಬೇಕೆಂಬ ಬಯಕೆಯಿಂದ ಆಕೆ ಬೀದಿಗಿಳಿಯುತ್ತಾಳೆ. ಮನೆಯಲ್ಲಿ ಅತ್ತರೆ ಮಗಳು ಎಥೆಲ್ ಬೆದರುವಳು. ಬೆಂಚಿನ ಮೇಲೆ ಕುಳಿತರೆ ಜನ ಬಂದು ಕೇಳುವರು. ಮೆಟ್ಟಿಲ ಮೇಲೆ ಕುಳಿತರೆ ಪೋಲೀಸಿನವನು ಮಾತನಾಡಿಸುವನು. ಪರರ ಮನೆಯಲ್ಲಿ ಅಳಲು ಹಕ್ಕೇ ಇಲ್ಲ. ಪ್ರಜೆಗಳೆದುರು ಅಳಲಾರದ ಭವಭೂತಿಯ ರಾಮನಿಗೆ ಉತ್ತರರಾಮಚರಿತದ ಮೂರನೆಯ ಅಂಕದಲ್ಲಿ ಪಂಚವಟಿಯಾದರೂ ದೊರೆಯುತ್ತದೆ. ಕೇಳಲು ವಾಸಂತಿ ಇದ್ದಾಳೆ. ಪಾರ್ಕರಳಿಗೆ ಇಡೀ ಲಂಡನ್ನಿನಲ್ಲಿ ಅಷ್ಟು ನೆಲವಿಲ್ಲ. ರಾಮನ ಕಂಬನಿಯನ್ನು ಕಂಡು ಪ್ರೇಕ್ಷಕನು ಕರಗಿದರೆ, ಇಲ್ಲಿ ಬಾರದ ಕಂಬನಿಗಾಗಿ ಎಡೆಯನ್ನು ಹುಡುಕುತ್ತ ಓದುಗನು ಅವಳೊಡನೆ ತಾನೂ ಬೀದಿಯಲ್ಲಿ ನಿಲ್ಲುತ್ತಾನೆ. ಲಕ್ಷಣಗ್ರಂಥಗಳು ಹೇಳುವ ಅನುಭಾವದ ಕೆಲಸವನ್ನು ಈ ಹುಡುಕಾಟವೇ ಮಾಡಿದೆ.

ಗಾಳಿ ಅವಳ ಏಪ್ರನ್ನನ್ನು ಉಬ್ಬಿಸುತ್ತದೆ, ಮಳೆ ಹನಿಯತೊಡಗುತ್ತದೆ. ಇದನ್ನು ಆಕಾಶದ ಕಣ್ಣೀರೆಂದು ವ್ಯಾಖ್ಯಾನಿಸುವುದು ಸುಲಭ; ಆದರೆ ಕತೆಯ ಧೋರಣೆಗೆ ಅದು ಒಗ್ಗದು. ಉಳಿದಿದ್ದ ತೆರೆದ ಬೀದಿಯನ್ನೂ ಆ ಮಳೆ ಅವಳಿಂದ ಕಸಿದುಕೊಳ್ಳುತ್ತದೆ.