ಇದರಲ್ಲಿ ಕಾಯಿಲೆ ಯಾರಿಗೆ?

2024ರ ಮಾರ್ಚ್. ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ. ನಗರದ ಸುಮಾರು 14,000 ಬೋರ್‌ವೆಲ್‌ಗಳಲ್ಲಿ ಅರ್ಧದಷ್ಟು ಬತ್ತಿವೆ ಅಂತ ಸರ್ಕಾರವೇ ಹೇಳಿತ್ತು. ಟ್ಯಾಂಕರ್ ದಂಧೆ ಬಗ್ಗೆ ನಾನೊಂದು ಲೇಖನ ಬರೆದಿದ್ದೆ. ಜೊತೆಗೊಂದು ಚಿತ್ರ ಬೇಕಿತ್ತು. ಕಲಾವಿದರಿಗೆ ಕೊಡೋಕೆ ದುಡ್ಡಿಲ್ಲ, ಕಾಯೋಕೆ ತಾಳ್ಮೆಯೂ ಇಲ್ಲ. ಎಐ ಇದೆಯಲ್ಲ, ಇನ್ನೇನು ಬೇಕು ಅಂದ್ಕೊಂಡೆ.

‘ಬೆಂಗಳೂರಿನ ನೀರಿನ ಅಭಾವ’ ಅಂತ ಟೈಪ್ ಮಾಡಿದೆ. ಕಣ್ಣು ಮಿಟುಕಿಸೋದ್ರೊಳಗೆ ನಾಲ್ಕು ಚಿತ್ರ ಹಾಜರ್. ನಾಲ್ಕರಲ್ಲೂ ಬಿರುಕು ಬಿಟ್ಟ ನೆಲ. ಮೂರರಲ್ಲಿ ತಲೆ ಮೇಲೆ ಕೊಡ ಹೊತ್ತ ಹೆಂಗಸು, ಉಟ್ಟಿದ್ದು ರಾಜಸ್ಥಾನದ ಘಾಗ್ರಾ. ಹಿಂದೆ ಕಿತ್ತಳೆ ಬಣ್ಣದ ಸೂರ್ಯ. ವೈಟ್‌ಫೀಲ್ಡಿನಲ್ಲಿ ಬಿರುಕು ಬಿಡೋಕೆ ನೆಲ ಎಲ್ಲಿದೆ ಸ್ವಾಮಿ? ಎಲ್ಲಾ ಕಾಂಕ್ರೀಟು! ‘ಬಿರುಕು ಬಿಟ್ಟ ನೆಲ ಬೇಡ’ ಅಂತ ಸೇರಿಸಿದೆ. ಬಿರುಕು ಇನ್ನೂ ಅಗಲ ಆಯ್ತು. ಬೇಡ ಅನ್ನೋದಕ್ಕಿಂತ ಬಿರುಕು ಅನ್ನೋದೇ ಅದಕ್ಕೆ ಜೋರಾಗಿ ಕೇಳಿಸಿದ ಹಾಗಿತ್ತು.

ಇದಕ್ಕೆ ಕಾರಣ ಇದೆ. ಈ ಟೂಲ್‌ಗಳು ಕಲಿತಿರೋದು ಕೋಟ್ಯಂತರ ಚಿತ್ರಗಳನ್ನೂ ಅವುಗಳ ಅಡಿಬರಹಗಳನ್ನೂ ಜೋಡಿಸಿಕೊಂಡು. ಒಂದು ಪದದ ಜೊತೆ ಯಾವ ಚಿತ್ರ ಹೆಚ್ಚು ಸಲ ಬಂದಿದೆಯೋ ಆ ಕಡೆಗೇ ವಾಲುತ್ತವೆ. ಗಡಿಯಾರ ಬರಿ ಅಂದ್ರೆ ಮುಳ್ಳುಗಳನ್ನ ಹತ್ತು ಗಂಟೆ ಹತ್ತು ನಿಮಿಷಕ್ಕೇ ತಂದು ನಿಲ್ಲಿಸೋ ಚಾಳಿಯೂ ಅದಕ್ಕೇ. ಜಾಹೀರಾತಿನ ವಾಚುಗಳೆಲ್ಲ ತೋರಿಸೋದು ಆ ಟೈಮನ್ನೇ. ನೀರಿನ ಅಭಾವ ಅಂದಾಗ ನನಗೆ ಸಿಕ್ಕಿದ್ದು ಸಾವಿರಾರು ಪತ್ರಿಕೆಗಳು ಈಗಾಗಲೇ ಹಾಕಿ ಹಾಕಿ ಸವೆಸಿದ ಚಿತ್ರ.

ತಪ್ಪು ನನ್ನದೂ ಇತ್ತು ಅನ್ನಿ. ನಾನು ವಿಷಯ ಕೊಟ್ಟಿದ್ದೆ, ವಿಚಾರ ಕೊಟ್ಟಿರಲಿಲ್ಲ. ಲೇಖನದ ಪಕ್ಕದ ಚಿತ್ರಕ್ಕೂ ಒಂದು ಅಭಿಪ್ರಾಯ ಇರಬೇಕು. ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯ ತುಟಿ ಪಿಟಿಕ್ಕೆನ್ನದೆ ಐದು ದಶಕ ನಿಂತಿದ್ದ. ಅವನನ್ನು ಯಾರ ಪಕ್ಕದಲ್ಲಿ, ಯಾವ ಮೂಲೆಯಲ್ಲಿ ನಿಲ್ಲಿಸಿದ್ದಾರೆ ಅನ್ನೋದರಲ್ಲೇ ಅವತ್ತಿನ ಟೀಕೆ ಇರ್ತಿತ್ತು.

ಸರಿ, ಕೂತು ಯೋಚನೆ ಮಾಡಿದೆ. ಅಪಾರ್ಟ್‌ಮೆಂಟು ಆಸ್ಪತ್ರೆ ಮಂಚದ ಮೇಲೆ ಮಲಗಿದೆ. ಮೇಲೆ ಡ್ರಿಪ್ ಬಾಟ್ಲಿ ಥರ ಟ್ಯಾಂಕರ್ ನೇತಾಡ್ತಿದೆ. ಭಲೇ ಅನ್ನಿಸ್ತು! ಇಪ್ಪತ್ತೋ ಮೂವತ್ತೋ ಸಲ ಮಾತು ಬದಲಾಯಿಸಿ ಟೈಪಿಸಿದ ಮೇಲೆ ಫಳಫಳ ಹೊಳೆಯೋ ಚಿತ್ರ ಬಂತು. ಖುಷಿಯಿಂದ ಹಿರಿಯ ಸ್ನೇಹಿತರೊಬ್ಬರಿಗೆ ಕಳಿಸಿದೆ. ವಾರಪತ್ರಿಕೆಯ ಕತೆಗಳಿಗೆ ಮೂವತ್ತು ವರ್ಷ ಚಿತ್ರ ಬರೆದವರು. ಲೇಖನವನ್ನೂ ಕಳಿಸು ಅಂದ್ರು. ಓದಿ ಫೋನ್ ಮಾಡಿದ್ರು.

“ಚೆನ್ನಾಗಿದೆ ಕಣಯ್ಯ. ಆದ್ರೆ ಇದರಲ್ಲಿ ಕಾಯಿಲೆ ಯಾರಿಗೆ?”

“ಅಪಾರ್ಟ್‌ಮೆಂಟಿಗೆ ಸಾರ್.”

“ಬಾಟ್ಲಿಗೆ ನೀರು ಯಾರ ಮೈಯಿಂದ ಬಂತು?”

ನಾನು ಗಪ್‌ಚುಪ್. ಊರಾಚೆಯ ಹಳ್ಳಿಗಳಲ್ಲಿ ಬೋರ್‌ವೆಲ್ ಕೊರೆದು ಟ್ಯಾಂಕರ್ ತುಂಬಿಸ್ತಾರೆ, ಪಕ್ಕದ ಹೊಲದವರ ಬೋರ್‌ವೆಲ್ ಬತ್ತುತ್ತೆ ಅಂತ ನಾನೇ ಬರೆದಿದ್ದೆ. ಚಿತ್ರದಲ್ಲಿ ಆ ಹಳ್ಳಿಯೇ ಇಲ್ಲ! ನೀರು ಕಳಕೊಂಡವರು ಮಾಯ, ಕೊಂಡುಕೊಂಡವರು ರೋಗಿ. ನಾನು ಬರೆದದ್ದನ್ನ ನನ್ನ ಚಿತ್ರವೇ ಸುಳ್ಳು ಮಾಡ್ತಿತ್ತು.

ಸಂಜೆ ಅವರೇ ಹಾಳೆ ಮೇಲೆ ಪೆನ್ನಲ್ಲಿ ಗೀಚಿ, ಫೋಟೋ ತೆಗೆದು ಕಳಿಸಿದರು. ನೆಲದೊಳಗಿಂದ ಚಾಚಿದ ಒಂದು ಸೊರಗಿದ ತೋಳು. ತೋಳಿಗೆ ಸೂಜಿ, ಸೂಜಿಗೆ ಪೈಪು, ಪೈಪಿಗೆ ಟ್ಯಾಂಕರು. ದೂರದಲ್ಲಿ ಬೆಂಕಿಪೊಟ್ಟಣದಷ್ಟು ಅಪಾರ್ಟ್‌ಮೆಂಟು. ಹತ್ತು ಗೆರೆ ಇದ್ರೆ ಹೆಚ್ಚು.

ನನ್ನ ತಕರಾರು ಇಷ್ಟೇ. ಟೂಲ್ ಚಿತ್ರ ಕೆಟ್ಟದಾಗಿ ಬರೀತು ಅಂತ ಅಲ್ಲ, ನನಗಿಂತ ಸಾವಿರ ಪಾಲು ಚೆನ್ನಾಗಿ ಬರೀತು. ಆದ್ರೆ ಅದು ನನ್ನನ್ನ ಏನೂ ಕೇಳಲಿಲ್ಲ. ಅಷ್ಟು ಸಲ ಟೈಪಿಸಿದ್ರೂ ಒಂದು ಸಲವೂ ‘ನೀನು ಹೇಳ್ತಿರೋದು ಸರೀನಾ?’ ಅನ್ನಲಿಲ್ಲ. ಕಲಾವಿದ ಅಂದ್ರೆ ಲೇಖನದ ಮೊದಲ ಓದುಗ. ದುಡ್ಡು ಉಳಿಸೋ ನೆಪದಲ್ಲಿ ನಾನು ಕೈಬಿಟ್ಟಿದ್ದು ಆ ಓದುಗನನ್ನ.

2022ರಲ್ಲಿ ಅಮೆರಿಕದ ಕಾಸ್ಮೊಪಾಲಿಟನ್ ಪತ್ರಿಕೆ ಎಐ ಬರೆದ ಮುಖಪುಟ ಹಾಕಿ, ಇದಕ್ಕೆ 20 ಸೆಕೆಂಡ್ ಸಾಕಾಯ್ತು ಅಂತ ಬೀಗಿತ್ತು. ಆ ಇಪ್ಪತ್ತು ಸೆಕೆಂಡಿನ ಹಿಂದೆ ಕ್ಯಾರೆನ್ ಚೆಂಗ್ ಅನ್ನೋ ಕಲಾವಿದೆ ಗಂಟೆಗಟ್ಟಲೆ ಕೂತು ಮಾಡಿದ ಪ್ರಯತ್ನಗಳಿದ್ದವು. ಇದು ಬೇಡ, ಅದು ಬೇಡ ಅನ್ನೋಕೆ ಅಲ್ಲೂ ಒಬ್ಬ ಮನುಷ್ಯೆ ಬೇಕಾಗಿದ್ದಳು. ಆದ್ರೆ ಮುಖಪುಟ ಕೊಚ್ಚಿಕೊಂಡಿದ್ದು ಸೆಕೆಂಡಿನ ಲೆಕ್ಕ ಮಾತ್ರ.

ಟೂಲ್ ಮುಟ್ಟಲೇಬಾರದು ಅಂತ ನಾನೇನೂ ಹೇಳಲ್ಲ. ತಲೆಗೆ ಬಂದ ಹಳಸಲು ಐಡಿಯಾಗಳನ್ನ ಕಣ್ಣೆದುರು ನೋಡಿ ಎಸೆಯೋಕೆ ಈಗಲೂ ಬಳಸ್ತೀನಿ. ಲೇಖನಕ್ಕೆ ಮಾತ್ರ ಆ ಪೆನ್ನಿನ ಚಿತ್ರವನ್ನೇ ಹಾಕಿದೆ, ಕೆಳಗೆ ಅವರ ಹೆಸರು ಹಾಕಿ. ಸಾವಿರ ರೂಪಾಯಿ ಕಳಿಸಿದೆ. “ಇಷ್ಟಕ್ಕೆಲ್ಲ ಯಾಕಯ್ಯ?” ಅಂದ್ರು. ಗೆರೆಗಲ್ಲ ಸಾರ್, ಆ ಪ್ರಶ್ನೆಗೆ ಅಂದೆ.