ಮಣ್ಣಿನ ಹದ

ಯೆರೆಮೀಯನ 18ನೆಯ ಅಧ್ಯಾಯದ ಕುಂಬಾರನನ್ನು ನಾವು ಬಹುಮಟ್ಟಿಗೆ ಅಧಿಕಾರದ ರೂಪಕವಾಗಿಯೇ ಬೋಧಿಸುತ್ತೇವೆ: ದೇವರು ಸಾರ್ವಭೌಮನು, ಮಣ್ಣು ಮೂಕವಾದುದು. ಬರೋಡಾದ ಕುಂಭಕಲಾವಿದೆ ಜ್ಯೋತ್ಸ್ನಾ ಭಟ್ಟ (1940–2020) ಅವರ ಕೃತಿಗಳು ಈ ಓದನ್ನು ತಿದ್ದಬಲ್ಲವು. ಶಂಖೋ ಚೌಧುರಿಯವರಲ್ಲಿ ಶಿಲ್ಪ ಕಲಿಯಲು ಬಂದ ಅವರು ಜೇಡಿಮಣ್ಣಿಗೆ ಒಲಿದು, ಬ್ರೂಕ್ಲಿನ್‌ನಲ್ಲಿ ಕುಂಭಕಲೆಯನ್ನು ಅಭ್ಯಸಿಸಿ, ಮರಳಿ ಬರೋಡಾದಲ್ಲಿಯೇ ಅದನ್ನು ಕಲಿಸಿದರು. ಅವರ ಬೆಕ್ಕು, ಗೂಬೆ, ಕಪ್ಪೆ, ತಾವರೆಮೊಗ್ಗುಗಳಲ್ಲಿ ಪ್ರಕೃತಿಯ ವಿವರ ಕಡಿಮೆ, ಉಸಿರು ಹೆಚ್ಚು. ಕೆಲವು ಕೃತಿಗಳು ಮುದ್ದುತನದತ್ತ ಜಾರುವುದುಂಟು. ಆದರೆ ಶ್ರೇಷ್ಠವಾದವುಗಳಲ್ಲಿ ದುಂಡನೆಯ ಮೈ, ಮಾಸಲು ಮೆರುಗು ಇವಿಷ್ಟರಿಂದಲೇ ಜೀವಿಯೊಂದು ಮೌನವಾಗಿ ಕುಳಿತಿರುತ್ತದೆ.

ಕಲ್ಲನ್ನು ಕೆತ್ತಿ ತೆಗೆಯಬಹುದು. ಮಣ್ಣಿಗಾದರೋ ಹದ ಬರುವ ತನಕ ಕಾಯಬೇಕು, ಕಡೆಗೆ ಅದನ್ನು ಬೆಂಕಿಗೆ ಒಪ್ಪಿಸಬೇಕು. ಪ್ರವಾದಿ ಕಂಡ ಕುಂಬಾರನೂ ಕೆಟ್ಟ ಪಾತ್ರೆಯ ಮಣ್ಣನ್ನು ಎಸೆಯಲಿಲ್ಲ, ಅದರಿಂದಲೇ ಬೇರೊಂದನ್ನು ಮಾಡಿದನು. ಜನಾಂಗವು ತಿರುಗಿಕೊಂಡರೆ ದೇವರೂ ಮನಮರುಗುವನೆಂದು ಅದೇ ಅಧ್ಯಾಯ ಸಾರುತ್ತದೆ. ಅಂದರೆ ಮಣ್ಣಿನ ಪ್ರತಿಕ್ರಿಯೆಗೂ ಅಲ್ಲಿ ಬೆಲೆಯುಂಟು.

ಹದ ತಪ್ಪಿದ ನೆಲ ಬಿತ್ತನೆಗೆ ಒಪ್ಪದೆಂಬುದನ್ನು ಉಪ್ಪಿನಬೆಟಗೇರಿಯ ರೈತರು ಬಲ್ಲರು. ಅವರ ಮುಂದೆ ನಿಂತು ನಾವು ಇನ್ನೂ ಮೂಕ ಮಣ್ಣನ್ನೇ ಬೋಧಿಸಬೇಕೇ?