ಮೀನಿನ ತೊಟ್ಟಿಗೆ ಬೀದರಿನ ನೀರು

ಬೀದರಿನಲ್ಲಿ ದೊಡ್ಡ ಅಕ್ವೇರಿಯಂ ಇಟ್ಟ ಮನೆಗಳಲ್ಲಿ ಹೆಚ್ಚಾಗಿ ನಡೆಯುವುದು ‘ಪೂರಾ ತೊಳೆಯುವ’ ಪದ್ಧತಿ. ತಿಂಗಳಿಗೊಮ್ಮೆ ಅಂಗಡಿಯ ಹುಡುಗ ಬರುತ್ತಾನೆ. ಮೀನುಗಳನ್ನು ಬಕೆಟ್‌ಗೆ ಹಾಕಿ, ನೀರನ್ನೆಲ್ಲ ಖಾಲಿ ಮಾಡಿ, ಕಲ್ಲುಗಳನ್ನು ನಲ್ಲಿಯ ಕೆಳಗೆ ಉಜ್ಜಿ, ಫಿಲ್ಟರಿನ ಸ್ಪಂಜನ್ನು ತಿಳಿನೀರು ಬರುವ ತನಕ ಹಿಂಡಿ, ಹೊಸ ನೀರು ತುಂಬಿಸಿ ಹೋಗುತ್ತಾನೆ. ಸಂಜೆಗೆ ತೊಟ್ಟಿ ಫಳಫಳ ಹೊಳೆಯುತ್ತದೆ. ಎರಡು ಮೂರು ದಿನಕ್ಕೆ ನೀರು ಮಸುಕಾಗುತ್ತದೆ, ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ, ವಾರದೊಳಗೆ ಒಂದೆರಡು ಸಾಯುತ್ತವೆ. ದೃಷ್ಟಿ ತಾಗಿತು ಎನ್ನುವವರಿದ್ದಾರೆ. ಮನೆಗೆ ಬರಬೇಕಿದ್ದ ಕಂಟಕವನ್ನು ಮೀನು ತನ್ನ ಮೇಲೆ ಎಳೆದುಕೊಂಡಿತು ಎಂದು ಸಮಾಧಾನ ಪಡುವವರೂ ಇದ್ದಾರೆ. ಆ ನಂಬಿಕೆಯ ಹಿಂದಿನ ಅಕ್ಕರೆಯ ಬಗ್ಗೆ ನನಗೆ ಗೌರವವಿದೆ. ಆದರೂ ಇಂಥ ಸಾವುಗಳಲ್ಲಿ ಬಹುಪಾಲು ಆ ತೊಳೆಯುವಿಕೆಯಿಂದಲೇ ಆದದ್ದು ಎಂದು ಹೇಳಲೇಬೇಕು.

ಮೀನಿನ ಕಿವಿರುಗಳಿಂದ ಸದಾ ಅಮೋನಿಯ ಹೊರಬರುತ್ತಿರುತ್ತದೆ. ಅದು ವಿಷ. ಸ್ಪಂಜಿನಲ್ಲಿ, ಕಲ್ಲುಗಳ ಮೇಲೆ ನೆಲೆಸಿರುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಈ ಬ್ಯಾಕ್ಟೀರಿಯಾ ಪಡೆ ಕಟ್ಟಿಕೊಳ್ಳಲು ನಾಲ್ಕರಿಂದ ಆರು ವಾರ ಬೇಕು. ನಾವು ತಿಂಗಳಿಗೊಮ್ಮೆ ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಅದನ್ನು ತೊಳೆದು ಚೆಲ್ಲುತ್ತೇವೆ. ಕೊಳೆಯೆಂದು ಕಾಣುವ ಆ ಕಂದು ಲೋಳೆಯೇ ತೊಟ್ಟಿಯ ಜೀವ. ಸ್ಪಂಜನ್ನು ಹಿಂಡಬೇಕೆಂದರೆ ತೊಟ್ಟಿಯಿಂದ ತೆಗೆದ ನೀರಿನಲ್ಲೇ, ಮೆತ್ತಗೆ ಹಿಂಡಬೇಕು.

ಹಾಗಾದರೆ ನೀರು ಬದಲಿಸುವುದು ಏಕೆ? ಕೊನೆಯಲ್ಲಿ ಉಳಿಯುವ ನೈಟ್ರೇಟ್‌ ಹೊರಹೋಗಲು ಸಾಮಾನ್ಯ ತೊಟ್ಟಿಯಲ್ಲಿ ಬೇರೆ ದಾರಿ ಕಡಿಮೆ. ಲೀಟರಿಗೆ ವಾರಕ್ಕೆ 10 ಮಿಲಿಗ್ರಾಂ ನೈಟ್ರೇಟ್ ಏರುವ ತೊಟ್ಟಿ ಎಂದುಕೊಳ್ಳಿ. ಹೊಸ ನೀರಿನಲ್ಲಿ ನೈಟ್ರೇಟ್ ಇಲ್ಲದಿದ್ದರೆ, ವಾರವಾರ ಶೇ. 25ರಷ್ಟು ಬದಲಿಸುವ ತೊಟ್ಟಿಯಲ್ಲಿ ಅದು ವರ್ಷಗಟ್ಟಲೆ ಕಳೆದರೂ 40 ದಾಟುವುದಿಲ್ಲ. ಶೇ. 10 ಆದರೆ 100ರ ತನಕ ಏರಿ ನಿಲ್ಲುತ್ತದೆ. ನನ್ನ ಮತ ಶೇ. 25ಕ್ಕೆ. ಐದಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 566 ಲೀಟರ್ ನೀರು ಹಿಡಿಯುತ್ತದೆ. ಅದರ ಕಾಲು ಭಾಗ 140 ಲೀಟರ್, ಅಂದರೆ 15 ಲೀಟರಿನ ಒಂಬತ್ತು ಹತ್ತು ಬಕೆಟ್.

ಆದರೆ ನಮ್ಮ ಜಿಲ್ಲೆಯಲ್ಲಿ ಎಷ್ಟು ದಿನಕ್ಕೊಮ್ಮೆ ಎಂಬುದಕ್ಕಿಂತ ಯಾವ ನೀರು ಎಂಬುದೇ ದೊಡ್ಡ ಪ್ರಶ್ನೆ. ಬೀದರ್ ನಗರ ಕೂತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ, ಅದರ ಕೆಳಗೆ ಕರಿಕಲ್ಲು. ನೌಬಾದಿನ ಬಹಮನಿ ಕಾಲದ ಸುರಂಗ ಬಾವಿಗೂ ನರಸಿಂಹ ಝರಣಿಗೂ ಒಸರುವುದು ಈ ಜಂಬಿಟ್ಟಿಗೆ ಪದರದ ನೀರೇ. ಇಂಥ ನೀರು ಸಾಮಾನ್ಯವಾಗಿ ಮೆದು. ಭಾಲ್ಕಿ, ಔರಾದ್ ಕಡೆ ಕರಿಮಣ್ಣು, ಕರಿಕಲ್ಲು. ಅಲ್ಲಿನ ಬೋರ್‌ವೆಲ್ ನೀರು ಬಹುತೇಕ ಗಡಸು. ಬಕೆಟ್ಟಿನ ಒಳಗೆ ಬಿಳಿ ಪೊರೆ ಕಟ್ಟುವ, ತೊಗರಿ ಬೇಳೆ ಬೇಗ ಬೇಯದ ನೀರು ಎಂದರೆ ಮನೆಯ ಹೆಣ್ಣುಮಕ್ಕಳಿಗೆ ತಕ್ಷಣ ತಿಳಿಯುತ್ತದೆ. ನಗರದ ನಲ್ಲಿಗೆ ಬರುವುದು ಕಾರಂಜಾ, ಮಾಂಜ್ರಾ ನೀರು. ಅದರ ಗುಣವೇ ಬೇರೆ, ಕ್ಲೋರಿನ್ ಬೇರೆ ಇರುತ್ತದೆ.

ಈ ವ್ಯತ್ಯಾಸದಿಂದ ಮೀನಿನ ಜೀವಕ್ಕೇ ಕುತ್ತು ಬರಬಹುದು. 25 ಡಿಗ್ರಿ ಶಾಖದಲ್ಲಿ, ಪಿಎಚ್ 7 ಇರುವ ನೀರಿನಲ್ಲಿ ಒಟ್ಟು ಅಮೋನಿಯದ ಶೇ. 0.6ರಷ್ಟು ಮಾತ್ರ ವಿಷದ ರೂಪದಲ್ಲಿರುತ್ತದೆ; ಪಿಎಚ್ 8 ಆದರೆ ಅದು ಶೇ. 5ನ್ನು ದಾಟುತ್ತದೆ. ಮೆದು ನೀರಿನ ತೊಟ್ಟಿಯನ್ನು ತಿಂಗಳುಗಟ್ಟಲೆ ಮುಟ್ಟದೆ ಬಿಟ್ಟರೆ ಪಿಎಚ್ ಇಳಿಯುತ್ತಾ ಹೋಗುತ್ತದೆ, ಅಮೋನಿಯ ಜಮೆಯಾದರೂ ಕೆಡುಕು ಕಾಣುವುದಿಲ್ಲ. ಬೇಸಿಗೆಯಲ್ಲಿ ಬಾವಿ ಬತ್ತಿದಾಗ ಟ್ಯಾಂಕರಿನ ಗಡಸು ಬೋರ್ ನೀರನ್ನು ಒಮ್ಮೆಲೇ ಅರ್ಧ ತೊಟ್ಟಿ ಸುರಿದರೆ ಅಲ್ಲಿದ್ದ ಅಮೋನಿಯದಲ್ಲಿ ವಿಷದ ರೂಪದ ಪಾಲು ದಿಢೀರನೆ ಹಲವು ಪಟ್ಟು ಏರುತ್ತದೆ. ಹಾಗಾಗಿ ನೀರಿನ ಮೂಲ ಬದಲಾದ ವಾರ ಶೇ. 10ಕ್ಕಿಂತ ಹೆಚ್ಚು ಹಾಕಲೇಬಾರದು.

ಆವಿಯಾದಷ್ಟು ತುಂಬಿಸಿದರೆ ಸಾಕು ಎನ್ನುವವರೂ ಇದ್ದಾರೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲ. ಭಾಲ್ಕಿಯ ಬೋರ್ ನೀರಿನ ತೊಟ್ಟಿಯಲ್ಲಿ ಗಾಜಿನ ಮೇಲಂಚಿಗೆ ಉಗುರಿಗೂ ಕೀಳಲು ಬಾರದ ಬಿಳಿ ಗೆರೆ ಕಟ್ಟುವುದು ಇದರಿಂದಲೇ. ಇನ್ನು ಕೆಲವರು ಬರೀ ಆರ್‌ಒ ನೀರು ಹಾಕುತ್ತಾರೆ. ಅದರಲ್ಲಿ ಪಿಎಚ್ ಹಿಡಿದಿಡುವ ಖನಿಜವೇ ಇಲ್ಲ. ಬೋರ್ ನೀರಿಗೆ ಅರ್ಧ ಬೆರೆಸಿ ಬಳಸುವುದಾದರೆ ಒಳ್ಳೆಯದು.

ನಲ್ಲಿ ನೀರನ್ನು ಒಂದು ದಿನ ಡ್ರಮ್ಮಿನಲ್ಲಿಟ್ಟು ಏರ್ ಪಂಪ್ ಹಾಕಿದರೆ ಕ್ಲೋರಿನ್ ಹೋಗುತ್ತದೆ. ಬೋರ್ ನೀರಿಗೂ ಗಾಳಿಯಾಡಿಸಲೇಬೇಕು, ನೆಲದಾಳದ ನೀರಿನಲ್ಲಿ ಆಮ್ಲಜನಕ ಕಡಿಮೆ. ಹೊಲದ ಬೋರ್ ಆದರೆ ಗೊಬ್ಬರದ ನೈಟ್ರೇಟ್ ಮೊದಲೇ ಸೇರಿರಬಹುದು. ಪರೀಕ್ಷೆಯ ಕಿಟ್ಟಿನಲ್ಲಿ ತೊಟ್ಟಿಯ ನೀರಿಗಿಂತ ಮುಂಚೆ ಬೋರ್ ನೀರನ್ನೇ ನೋಡಬೇಕು.

ಏಪ್ರಿಲ್–ಮೇನಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಔರಾದಿನ ಮನೆಯಲ್ಲಿ ವಾರಕ್ಕೆ 140 ಲೀಟರ್ ಮೀನಿಗೆ ಕೊಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ತೆಗೆದ ನೀರು ಕರಿಬೇವಿಗೂ ದಾಸವಾಳಕ್ಕೂ ಒಳ್ಳೆಯ ಗೊಬ್ಬರ ನಿಜ (ತೊಟ್ಟಿಗೆ ಉಪ್ಪು ಹಾಕಿದ್ದರೆ ಮಾತ್ರ ಗಿಡಕ್ಕೆ ಬೇಡ), ಆದರೂ ಆ ನೀರು ಮೊದಲು ಸಿಗಬೇಕಲ್ಲ. ಆಗ ಕಡಿಮೆ ಮಾಡಬೇಕಾದದ್ದು ಮೀನಿನ ಸಂಖ್ಯೆಯನ್ನು, ಹಾಕುವ ಆಹಾರವನ್ನು. ಅಷ್ಟು ದೊಡ್ಡ ತೊಟ್ಟಿಯಲ್ಲಿ ಇಪ್ಪತ್ತು ಗೋಲ್ಡ್‌ಫಿಶ್ ಬದಲು ಆರೇ ಇದ್ದು, ದಿನ ಬಿಟ್ಟು ದಿನ ಆಹಾರ ಹಾಕಿದರೆ ವಾರಕ್ಕೆ ನಾಲ್ಕು ಬಕೆಟ್ ನೀರಿನಲ್ಲಿ ಬೇಸಿಗೆ ಕಳೆಯಬಹುದು.